ಗಿರಾಕಿಯ ಆರು ಅಂಗಿ

ಕಾಲರಿನ ಒಳಗೆ ಹೊಲಿದಿದ್ದ ಬಿಳಿ ಪಟ್ಟಿ ಮೂರನೆಯ ಸಲವೂ ಕಿತ್ತು ಬಂದಿತ್ತು. ಹರಿದದ್ದಲ್ಲ, ಬಟ್ಟೆಗೆ ಚೂರೂ ಏಟಾಗದಂತೆ ಒಂದೊಂದೇ ಎಳೆ ಬಿಚ್ಚಿ ತೆಗೆದದ್ದು. ಫೋನ್ ನಂಬರಿದ್ದ ಆ ಪಟ್ಟಿಯನ್ನು ಅಪ್ಪ ಮೇಜಿನ ಮೇಲೆ ಹಾಕಿ ಮೂತಿ ಸಿಂಡರಿಸಿದ.

“ಯಾರೇ ಇದನ್ನ ಹೊಲಿದೋರು? ಇದೂ ಒಂದು ಹೊಲಿಗೇನಾ? ಅಂಗಡಿ ಮರ್ಯಾದೆ ಹರಾಜಾಗುತ್ತೆ.”

ಹೊಲಿದವಳು ಮಗಳೇ, ಅವಳಿಗೆ ಸೂಜಿ ಹಿಡಿಯಲು ಕಲಿಸಿದವನು ಅಪ್ಪನೇ. ಹೆಂಡತಿ ಸತ್ತದ್ದು, ಈಗ ಅಂಗಡಿ ನಡೆಸುವವಳು ಮಗಳೆಂಬುದು ಎಲ್ಲ ಅವನ ತಲೆಯಿಂದ ಉದುರಿಹೋಗಿತ್ತು. ಕೆಟ್ಟ ಹೊಲಿಗೆ ಕಂಡರೆ ಬಿಚ್ಚುವ ಚಟ ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಹದಿನೈದು ದಿನದ ಹಿಂದೆ ಹೇಳದೆ ಹೊರಬಿದ್ದವನು ನಾಲ್ಕು ಗಂಟೆ ಹುಡುಕಿದ ಮೇಲೆ ಒಂದು ಗೋದಾಮಿನ ಹಿಂದೆ ಸಿಕ್ಕಿದ್ದ. ಠಾಣೆಯ ದಫೇದಾರ ಮುಚ್ಚುಮರೆಯಿಲ್ಲದೆ ಹೇಳಿದ್ದ: “ಮತ್ತೆ ಹೋಗ್ತಾರಮ್ಮ. ಫೋಟೋ, ಎತ್ತರ, ಮೈಮೇಲಿನ ಗುರುತು ಎಲ್ಲ ಬರೆದು ರೆಡಿ ಇಟ್ಕೊಳ್ಳಿ. ಬಟ್ಟೇಲಿ ಒಂದು ನಂಬರ್ ಇರ್ಲಿ.” ಅವಳು ಫೈಲು ಮಾಡಿದಳು. ಅಳತೆಗೆಂದು ಅವನ ಮೈಗೆ ಟೇಪು ಹಿಡಿದರೆ ಅಪ್ಪನೇ ಅಂಕಿ ಓದಿ, “ಈ ಗಿರಾಕಿ ತುಂಬಾ ಇಳಿದುಹೋಗಿದಾನೆ, ಹಳೇ ಅಳತೆ ನಂಬಬೇಡ” ಎಂದ. ಕೈಗೆ ಕಟ್ಟಿದ ಪಟ್ಟಿಯನ್ನು ಕತ್ತರಿಸಿ ಎಸೆದ, ಜೇಬಿನ ಚೀಟಿಯನ್ನು ಹರಿದ. ಉಳಿದದ್ದು ಕಾಲರೊಂದೇ.

ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿದ ಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ಅಪ್ಪನಿಗಿದ್ದ ಆರು ಅಂಗಿಗಳನ್ನೂ, ಮೈಮೇಲಿದ್ದದ್ದನ್ನೂ ಬಿಡದೆ ಬಿಚ್ಚಿಸಿ, ಅವನ ಮುಂದೆಯೇ ರಾಶಿ ಹಾಕಿದಳು.

“ಅಪ್ಪಾ, ಒಬ್ಬ ಗಿರಾಕಿ ಕೊಟ್ಟು ಹೋಗಿದಾರೆ. ಕಾಲರೊಳಗೆ ಈ ನಂಬರ್ ಪಟ್ಟಿ ಹೊಲೀಬೇಕಂತೆ. ನನ್ನ ಕೈಲಿ ನೀಟಾಗಿ ಬರ್ತಿಲ್ಲ.”

ಅಪ್ಪ ಕನ್ನಡಕ ಏರಿಸಿದ. “ನಂಬರ್ ಯಾಕಂತೆ?”

“ಅವರಿಗೆ ಮರೆವಿನ ಕಾಯಿಲೆ. ಎಲ್ಲಾದ್ರೂ ಹೋಗ್ಬಿಟ್ರೆ ಅಂತ.”

“ನೋಡ್ಕೊಳ್ಳೋರು ಯಾರೂ ಇಲ್ವಾ?”

“ಒಬ್ಳು ಮಗಳಿದಾಳೆ.”

“ಅಯ್ಯೋ ಪಾಪ, ಆ ಹುಡುಗಿ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳೋ ಇಲ್ವೋ.”

ಊಟವಾಯಿತೇ ಎಂದು ಮಗಳನ್ನು ಯಾರೂ ಕೇಳದೆ ಎಷ್ಟು ಕಾಲವಾಗಿತ್ತೋ. ದಾರ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಅತ್ತಳು. ಬರುವಷ್ಟರಲ್ಲಿ ಅಪ್ಪ ಕೆಲಸಕ್ಕೆ ಕೂತಿದ್ದ. ಬೆರಳು ನಡುಗುತ್ತಿರಲಿಲ್ಲ. ಸಂಜೆಗೆ ಆರೂ ಮುಗಿದವು; ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕು, ಅಷ್ಟು ಸಣ್ಣದು. ತನ್ನ ಕೈಯ ಕೆಲಸವನ್ನು ಅಪ್ಪ ಎಂದೂ ಬಿಚ್ಚಿದವನಲ್ಲ. ಅಂತೂ ಗೆದ್ದೆ ಎಂದುಕೊಂಡಳು ಮಗಳು.

ಮರುದಿನ ಒಂದಂಗಿ ತೊಡಿಸಿ, ಉಳಿದ ಐದನ್ನು ಇಸ್ತ್ರಿ ಮಾಡಿ ಇಟ್ಟಳು. ಪರದೆಯ ಹಿಂದೆ ಒಬ್ಬ ಹೆಂಗಸಿನ ಅಳತೆ ತೆಗೆದುಕೊಂಡು ಈಚೆ ಬಂದಾಗ ಅಪ್ಪನ ಕುರ್ಚಿ ಖಾಲಿ. ಅಂಗಿಗಳೂ ಇಲ್ಲ. ಬೀದಿಗೆ ಓಡಿದಳು.

“ಈಗ ಹೋದ್ರಲ್ಲ,” ಎಂದ ಪಕ್ಕದ ಚಪ್ಪಲಿ ಅಂಗಡಿಯವ. “ಬರೀ ಬನಿಯನ್ನಲ್ಲಿದ್ರು, ಕಂಕುಳಲ್ಲಿ ಒಂದು ಪೊಟ್ಟಣ. ‘ಅಂಗಿ ಎಲ್ಲಿ ಯಜಮಾನ್ರೇ?’ ಅಂದೆ. ‘ಅದೂ ಗಿರಾಕೀದು ಕಣಯ್ಯಾ, ನಾನು ಹಾಕ್ಕೊಂಡ್ರೆ ಆಗುತ್ತಾ? ಪಾಪ ಕಾಯ್ತಿರ್ತಾನೆ, ಕೊಟ್ಟು ಬರ್ತೀನಿ’ ಅಂದ್ರು. ನೀವೇ ಕಳಿಸಿದೀರೇನೋ ಅಂದ್ಕೊಂಡೆ.”

ನಲವತ್ತು ವರ್ಷ ಅಪ್ಪ ಮುಗಿದ ಬಟ್ಟೆಯನ್ನು ಒಂದು ದಿನವೂ ಅಂಗಡಿಯಲ್ಲಿ ಇಟ್ಟುಕೊಂಡವನಲ್ಲ. ತಾನೇ ನಡೆದುಹೋಗಿ ಗಿರಾಕಿಯ ಕೈಗಿಟ್ಟು ಬರುತ್ತಿದ್ದ. ಚಿಕ್ಕವಳಿದ್ದಾಗ ಅವನ ಬೆರಳು ಹಿಡಿದು ಜೊತೆಗೆ ಹೋದವಳೇ ಅದನ್ನು ಮರೆತಿದ್ದಳು.

ಠಾಣೆಯಲ್ಲಿ ದಫೇದಾರ ಫೈಲು ತಿರುವಿ ಹಾಕಿ, “ಎಲ್ಲ ಚೆನ್ನಾಗಿ ರೆಡಿ ಮಾಡಿದೀರಿ” ಎಂದ. ‘ಕಾಲರಿನಲ್ಲಿ ಫೋನ್ ನಂಬರ್ ಇದೆ’ ಎಂಬ ಸಾಲನ್ನು ಅವಳೇ ಪೆನ್ನು ಕೇಳಿ ಪಡೆದು ಹೊಡೆದುಹಾಕಿದಳು. ಹೊರಗೆ ಚಳಿಗಾಳಿ ಶುರುವಾಗಿತ್ತು.

ಕತ್ತಲಾಗುವ ಹೊತ್ತಿಗೆ ಫೋನು ಬಂತು. ಹೆಂಗಸಿನ ದನಿ.

“ಬಸ್ ನಿಲ್ದಾಣದಿಂದಮ್ಮ, ಇಲ್ಲಿ ಕಸ ಗುಡಿಸೋಳು ನಾನು. ಬೆಂಚಿನ ಮೇಲೆ ಒಂದು ಪೊಟ್ಟಣ ಸಿಕ್ತು. ಆರು ಅಂಗಿ. ಆರರಲ್ಲೂ ನಿಮ್ಮ ನಂಬರ್ ಇದೆ.”

“ಅಲ್ಲಿ ವಯಸ್ಸಾದವರೊಬ್ರು... ಬರೀ ಬನಿಯನ್ನಲ್ಲಿ...”

“ಇಲ್ಲಮ್ಮ, ಯಾರೂ ಇಲ್ಲ. ಬಸ್ಸೆಲ್ಲ ಹೊರಟುಹೋದ್ವು.” ಒಳ್ಳೆಯ ಕೆಲಸ ಮಾಡಿದ ಖುಷಿ ಆ ದನಿಯಲ್ಲಿತ್ತು. “ನಂಬರ್ ಹೊಲಿಸಿದ್ದು ಒಳ್ಳೇದಾಯ್ತು ನೋಡಿ. ಇಲ್ದಿದ್ರೆ ಕಳೆದೇ ಹೋಗ್ತಿತ್ತು.”