ಬಿಟ್ಟ ಪದಗಳು

ಚೆಂಡು ಹಿಡಿದು ನುಗ್ಗುವವನಿಗೆ ಡಿಕ್ಕಿ ಹೊಡೆದು ಕೆಡವುವುದು ಅಮೆರಿಕನ್ ಫುಟ್‌ಬಾಲಿನ ಲೈನ್‌ಬ್ಯಾಕರ್‌ನ ಕೆಲಸ. ಆ ಕೆಲಸಕ್ಕೆ ಅವನು ತಂಡ ಸೇರಿದ ವರ್ಷ ನೆನಪಿನ ಪರೀಕ್ಷೆ ಇಟ್ಟರು. ವೈದ್ಯರು ಓದಿದ ಪದಗಳನ್ನು ತಿರುಗಿ ಹೇಳಬೇಕು. ಮುಂದೆ ತಲೆಗೆ ಪೆಟ್ಟು ಬಿದ್ದರೆ ಹೋಲಿಸಿ ನೋಡಲು ಆ ಅಂಕ ಬೇಕಿತ್ತು.

“ಬೇಕಂತ್ಲೇ ಅರ್ಧ ಬಿಟ್ಬಿಡು, ಮರಿ,” ಎಂದ ತಂಡದ ಹಿರಿಯ ಆಟಗಾರ. “ಜಾಣ ಅನ್ನಿಸ್ಕೊಂಡ್ರೆ ಪೆಟ್ಟು ಬಿದ್ದ ದಿನ ವ್ಯತ್ಯಾಸ ಗೊತ್ತಾಗುತ್ತೆ. ಆಡಿಸದೆ ಬೆಂಚಿಗೆ ಹಾಕ್ತಾರೆ.”

ಅವನು ಅರ್ಧ ಬಿಟ್ಟ. ಆಡಿದಷ್ಟು ಕಾಲ ಯಾರೂ ಅವನನ್ನು ಬೆಂಚಿಗೆ ಹಾಕಲಿಲ್ಲ.

ನಿವೃತ್ತನಾದ ಮೇಲೆ ಒಂದು ದಿನ ಮಗಳನ್ನು ಕರೆತರಲು ಹೋದವನು ಶಾಲೆಯ ದಾರಿ ಮರೆತು ಕಾರಿನಲ್ಲೇ ಕೂತಿದ್ದ. ಆಟದಿಂದ ಮಿದುಳಿಗೆ ಹಾನಿಯಾಗಿದೆ ಎಂದು ವೈದ್ಯರು ಒಪ್ಪಿದರೆ ಮಾತ್ರ ಚಿಕಿತ್ಸೆ ತಂಡದ ಹೊಣೆ. ಹೆಂಡತಿ ಅವನನ್ನು ಅದೇ ಪರೀಕ್ಷೆಗೆ ಕರೆದೊಯ್ದಳು.

“ಈ ಸಲ ನಾಟಕ ಬೇಡ,” ಎಂದಳು ಬಾಗಿಲಲ್ಲಿ. “ನೆನಪಿರೋದನ್ನೆಲ್ಲ ಹೇಳು.”

ಅವನು ನೆನಪಿದ್ದುದನ್ನೆಲ್ಲ ಹೇಳಿದ.

ವೈದ್ಯರು ಹಳೆಯ ಅಂಕ ತೆಗೆದು ಪಕ್ಕದಲ್ಲಿಟ್ಟು ನೋಡಿದರು.

“ಗಾಬರಿ ಬೇಡ ಕಣಮ್ಮ,” ಎಂದರು ಅವಳಿಗೆ. “ತಂಡ ಸೇರಿದ ವರ್ಷ ಎಷ್ಟು ಹೇಳಿದ್ರೋ, ಇವತ್ತೂ ಸರಿಯಾಗಿ ಅಷ್ಟೇ ಹೇಳಿದ್ದಾರೆ.”