ಕೆಸರಿಗೆ ಹೇಸಿದ ಜೀಪು

ಡಾಂಬರು ರಸ್ತೆಗಳೆಲ್ಲ ಕೆಸರಲ್ಲಿ ಮುಳುಗಿದ ಮೇಲೆ ನಮ್ಮೂರಿನ ಜೀಪುಹುಚ್ಚರದ್ದು ಒಂದೇ ಪದ್ಧತಿ. ಹೊಸ ಗಾಡಿ ಕೆರೆ ದಾಟಿ ಬಂದು ನನ್ನ ಕೈಯಿಂದ ಮೂತಿಗೆ ಕೆಸರು ಬಳಿಸಿಕೊಳ್ಳಬೇಕು. ಇಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ.

ಗಾಡಿ ಕಂಪನಿಯ ಹುಡುಗಿ ಪಾರಿಜಾತ ಮಾರಲು ತಂದ ಮಾತಾಡುವ ಜೀಪು ಆನೆಯಂತೆ ಕೆರೆ ದಾಟಿತು. ಅದು ಮಾರಾಟವಾಗದಿದ್ದರೆ ಅವಳ ಕೆಲಸ ಹೋಗುತ್ತಿತ್ತು. ನಾನು ಬೊಗಸೆ ತುಂಬ ಕೆಸರು ಎತ್ತಿದೆ. ಜೀಪು ಹಿಂದೆ ಸರಿಯಿತು.

“ಛೀ! ಅಜ್ಜಿ, ಮೊದ್ಲು ಕೈ ತೊಳ್ಕೊಳ್ಳಿ.”

“ಥೂ ನಿನ್ನ! ಏಳು ಲೋಕ ಹುಡುಕಿದ್ರೂ ಕೆಸರಿಗೆ ಹೇಸೋ ಎಮ್ಮೆ ಸಿಗಲ್ಲ. ನೀನೇನ್ ಜೀಪೋ, ಮದುವೆ ಹೆಣ್ಣೋ?”

ಕೊಳ್ಳಲೆಂದು ದಂಡೆಯ ಮೇಲೆ ಕೂತಿದ್ದ ಜನ ಮುಖ ಸಿಂಡರಿಸಿಕೊಂಡು ಎದ್ದು ಹೋದರು. ಪಾರಿಜಾತ ಚಪ್ಪಲಿ ಬಿಟ್ಟು ಕೆಸರಿಗಿಳಿದು ಮುಖ ಒಡ್ಡಿದಳು. “ಅದಕ್ಕೆ ಬೇಡಾಂದ್ರೆ ನಂಗೇ ಬಳೀರಿ ಅಜ್ಜಿ.”

ಎರಡೂ ಕೆನ್ನೆಗೆ ಬಳಿದೆ. ಕೆಸರಾದಳೆಂದು ಜೀಪು ಅವಳನ್ನೂ ಹತ್ತಿಸಿಕೊಳ್ಳಲಿಲ್ಲ.

“ಹೋಗ್ಲಿ ಬಿಡೇ,” ಅಂದೆ. “ನಮ್ಮ ಯಜಮಾನ್ರ ಹಳೇ ಜೀಪಿಗೆ ಓಡ್ಸೋರಿಲ್ಲ. ಬಾ.”