ಲಂಡನ್ನಿಗೆ ಇಪ್ಪತ್ತು ಮಂದಿ

ಕಾಕಾಸಾಹೇಬರ ಜೋಕಾಲಿಯ ಒಂದು ಬದಿಗೆ ಸುಹಾಸ, ಇನ್ನೊಂದು ಬದಿಗೆ ಸಮಾಧಾನ. ಯಜಮಾನರು ಯಾರ ಕಡೆ ಮುಖ ತಿರುಗಿಸಿದರೆ ಅವನಿಗೆ ಜೀವ ಬರುತ್ತಿತ್ತು, ಇನ್ನೊಬ್ಬನದು ಹೋಗುತ್ತಿತ್ತು.

ನಿಪ್ಪಾಣಿಯ ಒಂದೇ ರಸ್ತೆಯ ಆಚೆ ಈಚೆ ಇಬ್ಬರದೂ ವಿಮಾನ ಟಿಕೆಟ್ಟಿನ ಅಂಗಡಿ. ಸುಹಾಸನದು ಮುಂಬೈಯಿಂದ ಲಂಡನ್ನಿಗೆ ಸೀದಾ ಹಾರುವ ಕಂಪನಿ. ಸಮಾಧಾನನದು ನಡುವೆ ದುಬೈಯಲ್ಲಿ ಇಳಿಸಿ ಹತ್ತಿಸುವ ಕಂಪನಿ. ಆಕಾಶದಲ್ಲಿ ಆ ಎರಡು ಕಂಪನಿಗಳ ನಡುವೆ ನಡೆದಿದ್ದ ಮಹಾಯುದ್ಧ ಈ ಪಡಸಾಲೆಯಲ್ಲಿ ತೀರ್ಮಾನವಾಗಬೇಕಿತ್ತು. ಕಂಪನಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಶುರುವಾದದ್ದು ಬಸದಿಯ ಮುಂದೆ. ಹಳೆಯ ತಂಬಾಕು ವ್ಯಾಪಾರಿ ಕಾಕಾಸಾಹೇಬರು ಚಪ್ಪಲಿ ಹಾಕಿಕೊಳ್ಳುತ್ತ ಸುಹಾಸನನ್ನು ಕೇಳಿದ್ದರು: "ತಮ್ಮಾ, ಲಂಡನ್ನಿಗೆ ಒಂದು ಇಪ್ಪತ್ತು ಮಂದಿ ಹೋದ್ರ ಹೆಂಗ ಆಗ್ತೈತಿ?"

ಹೆಂಗ ಆಗುತ್ತದೆ? ಸುಹಾಸನ ಅಂಗಡಿ ಉಳಿಯುತ್ತದೆ! ಸಕ್ಕರೆ ಕಾರ್ಖಾನೆಯ ನೌಕರಿಗೆ ರಾಜೀನಾಮೆ ಕೊಟ್ಟು, ಹೆಂಡತಿಯ ಮಾತು ಮೀರಿ ಅವನು ಬೋರ್ಡು ಏರಿಸಿದ್ದ. ಅಲ್ಲಿಂದ ಇಲ್ಲಿಯವರೆಗೆ ಹೆಚ್ಚಾಗಿ ಮಾರಿದ್ದು ಪುಣೆಯ ಬಸ್ಸಿನ ಟಿಕೆಟ್ಟು. ಈಗ, 2014ರ ಈ ಬೇಸಿಗೆಯಲ್ಲಿ, ಕಂಪನಿಯ ಕೊಲ್ಲಾಪುರದ ಸಾಹೇಬರು ಫೋನು ಮಾಡಿ ಹೇಳಿದ್ದರು: ಶನಿವಾರದೊಳಗೆ ವಿದೇಶದ ಬುಕಿಂಗ್ ತೋರಿಸಬೇಕು, ಇಲ್ಲವೇ ಬೋರ್ಡು ಇಳಿಸಬೇಕು.

"ಕಾರ್ಖಾನ್ಯಾಗ ನಿಮ್ಮ ಖುರ್ಚಿ ಇನ್ನೂ ಖಾಲಿ ಐತಂತ್ರಿ," ಎಂದಿದ್ದಳು ಹೆಂಡತಿ ರೂಪಾಲಿ. "ಧೂಳ ಒರಸಾಕ ಹೇಳ್ಲೇನು?"

ಮೈಮೇಲೆ ಬಂದವನಂತೆ ಸುಹಾಸ ಕಾಕಾಸಾಹೇಬರ ಮನೆಗೆ ಓಡಿದ್ದ. ಅವನಿಗಿಂತ ಮೊದಲೇ ಸಮಾಧಾನ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ನಮ್ದು ಎರಡು ಮಜಲಿನ ವಿಮಾನ್ರಿ, ಕಾಕಾ," ಎಂದ ಸಮಾಧಾನ. "ಮ್ಯಾಲಿನ ಮಜಲಿನ್ಯಾಗ ಸ್ನಾನದ ಮನಿ ಸುದ್ಧಾ ಐತ್ರಿ."

"ಅಷ್ಟ ಎತ್ತರದಾಗ ಸ್ನಾನ!" ಕಾಕಾಸಾಹೇಬರ ಜೋಕಾಲಿ ನಿಂತೇಬಿಟ್ಟಿತು. "ನೀರು ಸೋಸಿರ್ತಾರೇನು?"

ಸಮಾಧಾನ ತಡವರಿಸಿದ. ಸುಹಾಸ ಬಿಡುತ್ತಾನೆಯೇ? ತಾನೂ ಜೈನ, ಒಳಗಿನ ಗುಟ್ಟು ಬಲ್ಲವನು. "ಸ್ನಾನ ಬಿಡ್ರಿ ಕಾಕಾ. ಹೊತ್ತು ಮುಳುಗಿದ ಮ್ಯಾಲ ನೀವು ಉಣ್ಣಂಗಿಲ್ಲ. ಅವನ ವಿಮಾನ ಹತ್ತಿದ್ರ ದುಬೈಯಾಗ ಕತ್ತಲಿ, ಉಪವಾಸ. ನಮ್ದು ಮುಂಬೈಯಾಗ ಮಧ್ಯಾಹ್ನ ಏಳ್ತೈತಿ, ಪಶ್ಚಿಮಕ್ಕ ಓಡ್ತೈತಿ. ಸೂರ್ಯ ನಮ್ಮ ಜೋಡೀನ ಬರ್ತಾನ್ರಿ. ಲಂಡನ್ ಮುಟ್ಟಿದ್ರೂ ಹೊತ್ತು ಮುಳುಗಿರಂಗಿಲ್ಲ."

"ಮುಳುಗೂದೇ ಇಲ್ಲ?" ಮುದುಕರ ಕಣ್ಣು ಹುಡುಗನ ಕಣ್ಣಿನಂತಾದವು. "ಮತ್ತೊಮ್ಮೆ ಹೇಳು."

ಹೇಳಿದ. ದಿನಾ ಹೇಳಿದ. ಮಾತು ಸಾಲದೆ, ರೂಪಾಲಿಯನ್ನು ಕಾಡಿ ಬೇಡಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಆಲೂಗಡ್ಡೆ ಇಲ್ಲದ ಅಡುಗೆ ಮಾಡಿಸಿ, ವಿಮಾನದಲ್ಲಿ ಕೊಡುವ ಹಾಗೆಯೇ ಬೆಳ್ಳಿ ಕಾಗದದ ಡಬ್ಬಿಯಲ್ಲಿ ತಂದ. ಕಾಕಾಸಾಹೇಬರು ಜೋಕಾಲಿಯ ಮೇಲೆ ಕಣ್ಣು ಮುಚ್ಚಿ ಉಂಡರು.

"ಈಗ ಎಲ್ಲಿದ್ದೀವಿ?"

"ಇರಾನ್ ಮ್ಯಾಲ್ರಿ."

"ಚಟ್ನಿ ಕೊಡು."

ಮರುದಿನ ಸಮಾಧಾನ ಡಬ್ಬಿಯ ಜೊತೆಗೆ ಖರ್ಜೂರವನ್ನೂ ತಂದು ಮರುಭೂಮಿಯ ಮೇಲೆ ಬೆಳಗು ಮಾಡಿದ. ಅದರ ಮರುದಿನ ಸುಹಾಸ ಹಿಮದ ಬೆಟ್ಟ ತೋರಿಸಿದ. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಕಾಕಾಸಾಹೇಬರು ಟಿಕೆಟ್ಟಿನ ದರವನ್ನು ಒಮ್ಮೆಯೂ ಕೇಳಲಿಲ್ಲ. ದೊಡ್ಡ ಗಿರಾಕಿಯ ಲಕ್ಷಣವೇ ಇದು ಎಂದುಕೊಂಡ ಸುಹಾಸ. ಕೊಲ್ಲಾಪುರದಲ್ಲಿ ಸ್ವಂತ ಮೊಮ್ಮಗಳ ಮದುವೆಗೂ ಹೋಗದೆ ಮನೆಯಿಂದಲೇ ಅಕ್ಷತೆ ಕಳಿಸಿದವರು ಇವರು. ಅಂಥವರು ಏಳುವುದಾದರೆ ಲಂಡನ್ನಿಗೇ ಏಳುತ್ತಾರೆ!

ಶುಕ್ರವಾರ ಅವರು ಸುಹಾಸನ ಬೆನ್ನು ತಟ್ಟಿದರು. "ನಿನ್ನ ವಿಮಾನನ ಚಲೋ, ತಮ್ಮಾ. ಸಮಾಧಾನನ ದುಬೈ ರಂಗು ಭಾಳ, ಆದ್ರ ಇಳಿಯೂದು ಹತ್ತೂದು ತ್ರಾಸು."

ಸಮಾಧಾನ ಖರ್ಜೂರದ ಡಬ್ಬಿ ಎತ್ತಿಕೊಂಡು ಎದ್ದು ಹೋದ. ಸುಹಾಸ ಓಣಿಯಲ್ಲಿ ನಿಂತೇ ಕೊಲ್ಲಾಪುರಕ್ಕೆ ಫೋನು ಹಚ್ಚಿ, "ಇಪ್ಪತ್ತು ಸೀಟು ಪಕ್ಕಾ ಸಾಹೇಬ್ರ," ಎಂದ. ದಾರಿಯಲ್ಲಿ ಪೇಡೆ ಕಟ್ಟಿಸಿಕೊಂಡ. ಅಂದು ರೂಪಾಲಿ ಕೂಡ ಕಾರ್ಖಾನೆಯ ಖುರ್ಚಿಯ ಮಾತು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಾಸ್‌ಪೋರ್ಟುಗಳನ್ನು ತರಲು ಹೋದ. ಜೋಕಾಲಿ ಖಾಲಿ ಇತ್ತು. ಯಜಮಾನರು ಬಸದಿಗೆ ಹೋಗಿದ್ದರು. ಅವರ ಹೆಂಡತಿ ತಾರವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು.

"ಕಾಕೂ, ಎಲ್ಲಾರ ಪಾಸ್‌ಪೋರ್ಟ್ ಕೊಡ್ರಿ. ಸಾಹೇಬ್ರು ಕೊಲ್ಲಾಪುರದಾಗ ಕಾಯಾಕತ್ತಾರ."

"ಯಾರ್ದು?"

"ನಿಮ್ಮ ಮಂದೀದು. ಕಾಕಾರದು."

ತಾರವ್ವನ ಕೈಯಲ್ಲಿ ಮೊರ ನಿಂತಿತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಯ್ಯ ನನ್ನಪ್ಪಾ, ನೀನೂ ಜೈನರ ಹುಡುಗ, ಅಷ್ಟೂ ಕೇಳಲಿಲ್ಲೇನು? ಅವರು ಮುನಿಮಹಾರಾಜರ ಮುಂದ ದಿಗ್ವ್ರತ ಹಿಡದು ಇಪ್ಪತ್ತು ವರ್ಷ ಆತು. ಸಾಯೂತನಕ ದೂಧಗಂಗಾ ಹೊಳಿ ದಾಟಂಗಿಲ್ಲ. ಮುಂಬೈ ಅಂತೂ ದೂರ, ಹೊಳಿ ಆಚಿ ದಂಡಿ ಕಾಗಲಕ್ಕೂ ಹೋಗಂಗಿಲ್ಲ."

ಸುಹಾಸನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. "ಮತ್ತ... ಇಷ್ಟು ದಿನ ಕೇಳಿದ್ದು?"

"ಏಜೆಂಟ ಒಬ್ಬನ ಇದ್ರ ದರ ಹೇಳಿ ಬಾಯಿ ಮುಚ್ತಾನ, ಅದಕ್ಕ ಇಬ್ಬರನ್ನ ಕುಂದ್ರಸ್ತಾರ," ಎಂದು ತಾರವ್ವ ಮತ್ತೆ ಮೊರ ಎತ್ತಿದರು. "ಹೋದ ವರ್ಷ ಚಿಕ್ಕೋಡಿಯ ಹುಡುಗರು ಅಮೆರಿಕಾ ತೋರಿಸಿದ್ರು, ಆದ್ರ ಈ ಸಲದ ಲಂಡನ್ನೇ ಭಾಳ ಚಂದ ಇತ್ತು ಅಂದ್ರಪಾ!"